ಇದರಾಗ ಅಕಿಲ್ಲ

ಹಲೀಮಾ ಖಾಲಾ ಕತೆ ಹೇಳುವಾಗ
ಉಳಿ ನಿಲ್ಲಿಸುತ್ತಿರಲಿಲ್ಲ.
ಟಕ್, ಒಂದು ಮಾತು. ಟಕ್ ಟಕ್, ಇನ್ನೊಂದು.
ಬೀದರಿನ ಚೌಬಾರಾದ ಹಿಂದಿನ ಓಣಿ,
ಬಾಗಿಲಿಗೆ ಗೋಣಿಯ ಪರದೆ.
ಅಂಗಾಲುಗಳ ನಡುವೆ ಸತುವಿನ ಹೂಜಿ ಒತ್ತಿ ಹಿಡಿದು
ಕೂದಲಿಗಿಂತ ತುಸುವೇ ದಪ್ಪನೆಯ ಬೆಳ್ಳಿ ತಂತಿಯನ್ನು
ಗೀರಿನೊಳಗೆ ಮಲಗಿಸುತ್ತಾ,
ಮನೆಯ ದಖ್ಖನಿಯನ್ನು ನನಗಾಗಿ ಕನ್ನಡಕ್ಕೆ ತಿರುವುತ್ತಾ
ಹೇಳುತ್ತಿದ್ದಳು:

"ಒಂದೂರಾಗ ಒಬ್ಬಾಕಿ ಹುಡುಗಿ ಇದ್ದಳು, ಬೇಟಿ.
ಎಲ್ಲಾರ ನೆರಳು ಕರಿ, ಅಕೀದು ಬಿಳಿ.
ಬಿಳಿ ಅಂದ್ರ ಸುಣ್ಣದಂಥ ಬಿಳಿ ಅಲ್ಲ, ಬೆಳ್ಳಿ.
ಮದುವಿ ನಿಂತೋಗ್ಯಾದ, ಕಾಲುಂಗುರಿಲ್ಲ ಅಂತ ಒಬ್ಬಾಕಿ ಅತ್ತಳು.
ನೆರಳಿನ ಅಂಚು ಕತ್ತರಿಸಿ ಕೊಟ್ಟಳು.
ಬಾಣಂತಿ ಬಂದಳು, ಕೂಸಿನ ಉಡದಾರಕ್ಕ.
ಮುದುಕಿ ಬಂದಳು, ಗಂಡನ ಹೆಣದ ಬಾಯಾಗ ಇಡಲಿಕ್ಕ.
ಬಾದಶಾಹನ ಬೇಗಂ ಬಂದಳು.
ಅಕಿಗಿ ಬೇಕಾಗಿದ್ದಿಲ್ಲ.
ಆದ್ರೂ ಬೇಡಿದಳು, ಕೊಟ್ಟಳು."

"ಕಡೀಕ?"

"ಕಡೀಕ ನೆರಳು ಮುಗೀತು.
ನೆರಳಿಲ್ಲದಾಕಿನ್ನ ಬಿಸಿಲು ಸುಮ್ಮನ ಬಿಡ್ತದೇನು?
ಕಿಲ್ಲಾದಾಗ ಬಿಸಿಲು ಬೀಳದ, ಮಳಿ ಮುಟ್ಟದ
ಒಂದು ಮೂಲಿಗಿ ಹೋಗಿ ಕುಂತಳು."

"ಸತ್ತಳಾ?"

ಟಕ್.

"ಮಣ್ಣಾದಳು.
ಅದಕ್ಕs ನೋಡು, ಆ ಮಣ್ಣಾಗ ಕುದಿಸಿದ್ರ
ಸತು ಎಲ್ಲಾ ಕರ್ರಗಾಗ್ತದ, ಬೆಳ್ಳಿ ಆಗಂಗಿಲ್ಲ.
ತಂದನ್ನ ತಾ ಗುರುತ ಹಿಡೀತಾಳ."

ನವಸಾಗರದ ಘಾಟಿಗೆ ನನ್ನ ಕಣ್ಣು ಉರಿಯುತ್ತಿತ್ತು.
ಅತ್ತದ್ದು ಅದಕ್ಕೇ ಎಂದು
ಆಗಲೂ ಹೇಳಿದೆ, ಈಗಲೂ ಹೇಳುವೆ.

ಇಪ್ಪತ್ತಾರು ವರ್ಷದ ಮೇಲೆ
ಔರಾದಿನ ಕಾಲೇಜಿನ ಕಪ್ಪು ಹಲಗೆಯ ಮೇಲೆ
ಅದೇ ಕತೆಯನ್ನು ಎರಡು ಸಾಲಾಗಿ ಸೀಳಿ ಬರೆದೆ:
ನೆರಳು ಅಂದರೆ ತ್ಯಾಗ,
ಬೆಳ್ಳಿ ಅಂದರೆ ನಿರ್ಮಲ ಮನಸ್ಸು,
ಕಪ್ಪು ಅಂದರೆ, ಬಿಡಿ, ಎಲ್ಲರಿಗೂ ಗೊತ್ತಿರುವುದೇ.
ಐದು ಅಂಕದ ಪ್ರಶ್ನೆಗೆ ಸಾಕಾಗುವಷ್ಟು.
ಮಕ್ಕಳು ತಲೆ ಬಗ್ಗಿಸಿ ಬರೆದುಕೊಂಡರು.
ಸುಣ್ಣದ ಪುಡಿ ನನ್ನ ಕೈಮೇಲೆ, ಸೀರೆಯ ಮೇಲೆ
ಉದುರುತ್ತಲೇ ಇತ್ತು.

ಕಿಟಕಿ ಬದಿಯ ನೀಲಗಂಗಾ, ಕಮಲನಗರದ ಕಡೆಯವಳು,
ಬರೆದುಕೊಂಡಿರಲಿಲ್ಲ.
"ಮೇಡಂ, ಬೇಗಂ ಯಾಕ ವಾಪಸ್ ಕೊಡಲಿಲ್ಲ?"

ಗಂಟೆ ಹೊಡೆಯಿತು ಎಂದು ಬರೆಯಬಹುದಿತ್ತು.
ಹೊಡೆಯಲಿಲ್ಲ.
ಇನ್ನೂ ಹದಿನೆಂಟು ನಿಮಿಷವಿತ್ತು.

ನನ್ನ ಕಿವಿಯಲ್ಲಿ
ಖಾಲಾ ಮಾಡಿಕೊಟ್ಟ ಓಲೆ.
ಕಪ್ಪು ಬಿಲ್ಲೆಯ ಮೇಲೆ ಒಂದೇ ಗಸಗಸೆ ಹೂ,
ಎಸಳಿಗೆ ಏಳು ಎಳೆ.
ನಾನು ಬೇಡಿದ್ದೆ.
ಬೇಕಾಗಿತ್ತೇ, ನೆನಪಿಲ್ಲ.

ಆ ಭಾನುವಾರ ಬಸ್ಸು ಹತ್ತಿದೆ.
ಓಣಿಯಲ್ಲಿ ಗೋಣಿಯ ಪರದೆ ಹೋಗಿ
ತಗಡಿನ ಬಾಗಿಲು ಬಂದಿತ್ತು.
ಖಾಲಾಳ ಎರಡೂ ಕಣ್ಣಿಗೆ ಹಾಲಿನ ಪೊರೆ.
"ತಂತಿ ತಂತಿ ಅಂತ ನೋಡಿ ನೋಡಿ
ಅಲ್ಲೇ ಖರ್ಚಾದವು" ಎಂದು ನಕ್ಕಳು,
ಯಾರದೋ ಮನೆಯ ಎಣ್ಣೆ ತೀರಿದ ಸುದ್ದಿ ಹೇಳುವವಳಂತೆ.

ನೀಲಗಂಗಾಳ ಪ್ರಶ್ನೆಯನ್ನು ನನ್ನದೇ ಎಂಬಂತೆ ಕೇಳಿದೆ.
ಉತ್ತರ ಬರಲಿಲ್ಲ, ಕೈ ಬಂತು.
ಹಣೆ, ಕೆನ್ನೆ, ಕಿವಿ.
ಓಲೆಯ ಮೇಲೆ ಹೆಬ್ಬೆರಳು ಎಸಳಿಂದ ಎಸಳಿಗೆ ನಡೆದು
ಐದನೆಯದರಲ್ಲಿ ನಿಂತಿತು.
"ಇಲ್ಲಿ ಒಂದೆಳಿ ಎದ್ದದ. ಬಿಚ್ಚಿಡು."

ಬಿಚ್ಚುತ್ತಿರುವಾಗ
ತಂಗಿಯ ಮಗ ಗೌಸುದ್ದೀನ
ಹಳೆಯ ಗೋಡೆಯ ಬುಡದಿಂದ ಚೀಲ ಹೊತ್ತು ಬಂದ.
ಖಾಲಾ ಚಿಟಿಕೆ ಮಣ್ಣು ಎತ್ತಿ
ನಾಲಿಗೆಯ ತುದಿಗಿಟ್ಟುಕೊಂಡಳು.
ಬಹಳ ಹೊತ್ತು,
ಮರೆತ ಹೆಸರೊಂದನ್ನು ಬಾಯೊಳಗೇ ಹುಡುಕುವವಳ ಹಾಗೆ.
ನಾನು ಉಸಿರು ಹಿಡಿದಿದ್ದೆ.

ಥೂ ಎಂದು ಉಗಿದಳು.
"ಇದು ಬರೀ ಮಣ್ಣು ಬೇಟಾ.
ಇದರಾಗ ಅಕಿಲ್ಲ.
ಇನ್ನಾ ಒಳಗ ಹೋಗಿ ನೋಡು."