ಎಡಗೈ ಮೊಳ

ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್ಟಿನಲ್ಲಿ
ಮೊಳವೆಂದರೆ ಅಕ್ಕಯ್ಯಮ್ಮನ ಬಲಗೈ.
ಮೊಣಕೈ ಗಂಟಿನಿಂದ ನಡುಬೆರಳ ತುದಿತನಕ
ಸೇವಂತಿಗೆ ಹರಿದು ಬಂದು,
ಒಂದು ಸುತ್ತು ತಿರುಗಿ ಬಾಳೆಲೆಗೆ ಇಳಿದರೆ
ಅದಕ್ಕೊಂದು ಬೆಲೆ.
ಲೆಕ್ಕ ತೆಲುಗಲ್ಲಿ, ಜಗಳ ಕನ್ನಡದಲ್ಲಿ.
ಮೂವತ್ತು ವರ್ಷ, ಆ ಕೈಯನ್ನು
ಸ್ಕೇಲಿಟ್ಟು ಅಳೆದವರಿಲ್ಲ.

ಹೋದ ಶ್ರಾವಣದಲ್ಲಿ ಅದೇ ಕೈ ಕೆಂಪೇರಿತು.
ಮೊದಲು ಬೆರಳ ಸಂದು, ಆಮೇಲೆ ಮಣಿಕಟ್ಟು,
ಆಮೇಲೆ ಮೊಳದುದ್ದಕ್ಕೂ
ರಾಗಿ ಚೆಲ್ಲಿದ ಹಾಗೆ ಗುಳ್ಳೆ.
ರಾತ್ರಿಯೆಲ್ಲ ತುರಿಸಿ
ಬೆಳಗ್ಗೆ ಹೂವಿನ ದಾರಕ್ಕೆ ಅಂಟುವ ನೀರು.
ದೃಷ್ಟಿ, ಅಂದರು ಪಕ್ಕದ ಕನಕಾಂಬರದವರು.
ನಂಜು, ಅಂದಿತು ಮನೆ.
ಸರ್ಕಾರಿ ಆಸ್ಪತ್ರೆಯ ನಸ್ರೀನ್ ಡಾಕ್ಟರು ಚೀಟಿಯಲ್ಲಿ ಬರೆದದ್ದು
ಹೂವಿನ ಹೆಸರು.
ಕೊಳ್ಳುವವರು ಕೈ ನೋಡಿ
ಮುಂದಿನ ಮಂಕರಿಗೆ ನಡೆದರು.
ಹಳೇ ಸ್ವೆಟರಿನ ತೋಳು ಕತ್ತರಿಸಿ ತೊಟ್ಟಳು;
ಮೊಳ ಬೆವರಿತು.

ನನಗೆ ಅವಳು ದೊಡ್ಡಮ್ಮ.
ಫಾರ್ಮಸಿ ಕೊನೇ ವರ್ಷ ನಾನು, ಪ್ರಾಜೆಕ್ಟಿಗೆ ವಿಷಯವಿಲ್ಲದೆ ಅಲೆಯುತ್ತಿದ್ದವಳು.
ಆ ಕೈ ನೋಡಿದಾಗ ಒಳಗೊಳಗೇ
ಸ್ವಲ್ಪ ಖುಷಿಯಾಯಿತು.
ಇದನ್ನು ಎಲ್ಲಾದರೂ ಬರೆದಿಡಬೇಕು, ಇಲ್ಲಿ ಬರೆದಿದ್ದೇನೆ.

ಕಂದವಾರ ಕೆರೆಯ ಅಂಚಿನಿಂದ ಗರಗ,
ಅವಳದೇ ಮನೆಯ ಮೋರಿ ಪಕ್ಕದಿಂದ ಕುಪ್ಪಿಗಿಡ.
ನೆರಳಲ್ಲಿ ಒಣಗಿಸಿ, ಪುಡಿ ಮಾಡಿ,
ಸ್ಪಿರಿಟ್ಟಿನಲ್ಲಿ ಮೂರು ದಿನ ನೆನೆಹಾಕಿ, ಸೋಸಿ, ಇಂಗಿಸಿ,
ಮೂಟೆ ಸೊಪ್ಪು ಕೊನೆಗೆ
ಗಾಜಿನ ಬಟ್ಟಲ ತಳದಲ್ಲಿ
ಅಂಟಂಟು ಕಪ್ಪುಹಸಿರು, ಒಂದು ನೆಲ್ಲಿಕಾಯಿ ಗಾತ್ರ.
ವಾಸನೆ ಮಾತ್ರ ಇಡೀ ಕೆರೆಯಷ್ಟು.

ಬಿಳಿ ಇಲಿಗಳ ಕಿವಿಗೆ ನಾವೇ ಊತ ಬರಿಸಿದೆವು,
ಆಮೇಲೆ ನಾವೇ ಹಚ್ಚಿದೆವು.
ಕೂದಲೆಳೆಯ ದಪ್ಪವನ್ನೂ ಹೇಳುವ ಸಾಧನ
ಕಿವಿಯನ್ನು ಕಚ್ಚಿ ಹೇಳಿತು:
ಕುಪ್ಪಿಗಿಡದ ಸಾರಕ್ಕೆ ಊತ
ಮೂರರಲ್ಲಿ ಒಂದು ಪಾಲು ಇಳಿದಿದೆ.
ಬಸ್ಸಿಗೂ ಕಾಯದೆ ಓಡಿಹೋಗಿ ಹೇಳಿದೆ.
ಎಲೆಗೆ ಸುಣ್ಣ ಸವರುತ್ತ ಅಕ್ಕಯ್ಯಮ್ಮ ಕೇಳಿದಳು:
"ಆ ಇಲಿ ಮಾರನೇ ದಿನ
ತಿರಗಾ ಸೇವಂತಿಗೆ ಕಟ್ಟಕ್ಕೆ ಹೋಗಿತ್ತೇನೆ?"

ಅವಳ ಬೆನ್ನಿಗೆ ಚೌಕ ಚೌಕ ಪಟ್ಟಿ ಅಂಟಿಸಿ
ಎರಡು ದಿನ ಬಿಟ್ಟು ಕಿತ್ತು ನೋಡಿದರು ಡಾಕ್ಟರು.
ಸೇವಂತಿಗೆಯ ಚೌಕ ಕೆಂಪು.
ಬೇಲಿಯ ಕಾಂಗ್ರೆಸ್ ಗಿಡದ ಚೌಕ ಕೆಂಪು.
ಮದ್ದೆಂದು ನಾನು ನಂಬಿದ್ದ ಗರಗ,
ಅಜ್ಜಿ ನಮ್ಮೆಲ್ಲರ ತಲೆಗೆ ಎಣ್ಣೆ ಕಾಯಿಸಿದ ಗರಗ,
ಅದೂ ಕೆಂಪು.
ಮೂರೂ ಒಂದೇ ಬಳಗ;
ಹೂವಿನ ತಲೆ ಬಿಡಿಸಿ ನೋಡಿದರೆ
ಒಂದೇ ಮನೆತನದ ಮೂಗು.
ಸೊಪ್ಪಲ್ವಾ, ಏನೂ ಆಗಲ್ಲ ಅಂತ
ಪಟ್ಟಿಗೂ ಮೊದಲೇ ಮೂರು ರಾತ್ರಿ
ನಿದ್ದೆಗಣ್ಣಿನ ಅವಳ ಕೈಗೆ ಅದನ್ನು ಹಚ್ಚಿದ್ದು ನಾನೇ.
ಪ್ರಾಜೆಕ್ಟಿನ ಪುಸ್ತಕದಲ್ಲಿ ಆ ರಾತ್ರಿಗಳಿಲ್ಲ.
ಅತ್ತು ಹೇಳಿದೆ. ಬಯ್ಯಲಿಲ್ಲ.
"ನೆಂಟರೇ ಅಲ್ವೇನೆ ಮೊದಲು ಕಚ್ಚೋದು" ಅಂದಳು.

ಕುಪ್ಪಿಗಿಡದ ಚೌಕ ಸುಮ್ಮನಿತ್ತು.
"ಸುಮ್ಮನಿದೆ ಅಂತ ಬರಿ," ಅಂದರು ಡಾಕ್ಟರು,
"ವಾಸಿ ಮಾಡುತ್ತೆ ಅಂತ ಬರೀಬೇಡ."
ಹಾಗೇ ಬರೆದೆ. ಹದಿನೈದು ಅಂಕ ಹೋಯಿತು.

ಆಸ್ಪತ್ರೆಯ ಮುಲಾಮಿಗೆ ಕೈ ನಿಧಾನ ತಣಿಯಿತು.
ಸೇವಂತಿಗೆ ಬಿಟ್ಟಳು; ಈಗ ಕಾಕಡ, ಒಂದಿಷ್ಟು ಮಲ್ಲಿಗೆ.
ಬಲಗೈಗೆ ರಜೆ, ಅಳತೆಯೆಲ್ಲ ಎಡಗೈಯಲ್ಲಿ.
ಮೊಳ ಕಮ್ಮಿಯಾಯ್ತಲ್ಲ, ಅಂತ ಮೊದಲ ದಿನವೇ ತಕರಾರು.
ನಾನು ಸ್ಕೇಲಿಟ್ಟು ಅಳೆದೆ:
ನಿಜ, ಎಡಗೈ ಅರ್ಧ ಬೆರಳು ಗಿಡ್ಡ.
ಆ ಅರ್ಧ ಬೆರಳಿಗೆ
ಗೇಣುದ್ದ ಹೂವು ಕೊಸರು ಹಾಕುತ್ತಾಳೆ,
ಕೇಳಿದವರಿಗೂ, ಕೇಳದವರಿಗೂ.

ಮೋರಿ ಪಕ್ಕದ ಕುಪ್ಪಿಗಿಡವನ್ನು ಈಗ ಕೀಳುವುದಿಲ್ಲ.
ಅದರ ಬೇರಿಗೆ ಮೈಯುಜ್ಜಿ ಉರುಳಾಡಲು
ಬೀದಿ ಬೆಕ್ಕೊಂದು ದಿನಾ ಸಂಜೆ ಬರುತ್ತದೆ.
"ನಿನ್ನ ಇಲಿಗಳಿಗೆ ಹೇಳ್ಬೇಡ," ಅನ್ನುತ್ತಾಳೆ,
ನಗುತ್ತ, ಮರೆತು
ಬಲಗೈಯನ್ನೊಮ್ಮೆ ಕೆರೆದುಕೊಂಡು.