ಹೊಟ್ಟೆ ಸೀಳು

ಕೌಲ್ ಬಜಾರಿನ ನಮ್ಮ ಓಣಿಯಲ್ಲಿ
ಬೆಳಿಗ್ಗೆ ಏಳಕ್ಕೇ ಹೊಲಿಗೆ ಮಷೀನುಗಳ ಸದ್ದು.
ನನ್ನದು ಜೇಬಿನ ಕೆಲಸ, ಜೀನ್ಸಿನ ಹಿಂದಿನ ಜೇಬು,
ಜೋಡಿಗೆ ನಾಲ್ಕು ರೂಪಾಯಿ.
ಮಷೀನಿನ ಎಡಕ್ಕೆ ಬಂಡಲು, ಬಲಕ್ಕೆ ಓಬಳೇಶ.
ಆಸ್ಪತ್ರೆಯಿಂದ ಬಂದು ಎಂಟು ತಿಂಗಳು,
ಶಾಲೆ ಅಂದರೆ ಈ ಚಾಪೆ, ಟೀಚರು ಅಂದರೆ ನಾನು,
ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು.

ಬಾಯಲ್ಲಿ ಕೇಳಿ, ಎಲ್ಲ ಹೇಳುತ್ತಾನೆ.
ಹದಿನಾರರ ಮಗ್ಗಿ,
ಗುಂತಕಲ್ಲಿನವರೆಗೆ ರೈಲು ನಿಲ್ಲುವ ಊರುಗಳು, ವರಸೆ ತಪ್ಪದೆ.
ಕೈಗೆ ಸೀಮೆಸುಣ್ಣ ಕೊಟ್ಟರೆ ಮಾತ್ರ
ಅಜ್ಜ ಅಜ, ಅಕ್ಕ ಅಕ, ಬಳ್ಳಾರಿ ಬಲಾರಿ.
ತನ್ನ ಹೆಸರನ್ನೇ ಓಬಲೇಸ ಎಂದು ಬರೆದು
ನನ್ನ ಮುಖ ನೋಡುತ್ತಾನೆ,
ಸರಿಯೋ ತಪ್ಪೋ ಅಂತಲ್ಲ,
ಬೈಗುಳ ಈಗ ಬಂತೋ, ಇನ್ನೊಂದು ಚಣಕ್ಕೋ ಅಂತ.

ಬೈದಿದ್ದೇನೆ. ಸುಳ್ಳು ಯಾಕೆ.
ಒಂದು ಮಧ್ಯಾಹ್ನ ಸ್ಲೇಟನ್ನೇ ಎಸೆದೆ.
ಪ್ಲಾಸ್ಟಿಕ್ಕು, ಒಡೆಯಲಿಲ್ಲ,
ಗೋಡೆಗೆ ಬಡಿದು, ಉರುಳಿ,
ಅವನ ಕಾಲ ಹತ್ತಿರವೇ ಬಂದು ಮಲಗಿತು.

ಆಮೇಲೆ ಕತ್ತರಿಸಿ ಉಳಿದ ಡೆನಿಮ್ ಚೂರುಗಳ ಮೇಲೆ
ದಪ್ಪ ಕಿತ್ತಳೆ ದಾರದಲ್ಲಿ ಅಕ್ಷರ ಹೊಲಿದೆ.
ಕಣ್ಣು ಮುಚ್ಚು, ಬೆರಳು ಓಡಿಸು ಅಂದೆ,
ಇದು ತಲೆಕಟ್ಟು, ಇದು ಕೊಂಬು.
ಒತ್ತು ಅಂದ್ರೆ ಜೇಬು ಇದ್ದಂಗೆ ಕಣೋ,
ಸಣ್ಣದೇ, ಇಲ್ಲಂದ್ರೆ ಗಿರಾಕಿ ವಾಪಸ್ ಕೊಡ್ತಾನೆ.
ನಕ್ಕ. ಆವತ್ತು ಅಜ್ಜನಿಗೆ ಜೇಬು ಬಂತು.
ಅಕ್ಕನಿಗೆ ಇನ್ನೂ ಇಲ್ಲ.

ಕೆಂಪು ಗೀಟು ನಮ್ಮಲ್ಲಿಲ್ಲ, ತಪ್ಪಾದರೆ ಬಿಚ್ಚುವುದು.
ಬಿಚ್ಚಿದ ಕಡೆ ತೂತು ಕಾಣುತ್ತವೆ,
ನೀರು ಚಿಮುಕಿಸಿ ಉಗುರಲ್ಲಿ ಗೀರಿದರೆ
ನೂಲು ಮತ್ತೆ ಕೂಡಿಕೊಳ್ಳುತ್ತದೆ, ಸುಮಾರಾಗಿ.
ಪಕ್ಕದ ಮನೆ ಖುರ್ಷಿದಾ ಕಾಜಾ ಹೊಲಿಯುತ್ತ ಅಂದಳು:
ಊರಿನ ಹೆಸರನ್ನೇ ಇಂಗ್ಲೀಷಲ್ಲಿ ಅಳಿಸಿ ಬರೆದ್ರಲ್ಲೇ,
ಅಲ್ಲಿವರೆಗೂ ರೈಲು ಬರ್ತಿರಲಿಲ್ಲೇನು?

ಧ ಮಾತ್ರ ಆಗಲೊಲ್ಲದು. ಭ ಕೂಡ.
ದನವೂ ದನ, ಧನವೂ ದನ.
ದಕ್ಕೆ ಹೊಟ್ಟೆ ಸೀಳಿಬಿಡು, ಧ ಆಯ್ತು,
ನಮ್ಮ ಮೇಷ್ಟ್ರು ಹೇಳಿದ್ದನ್ನೇ ಹೇಳಿದೆ,
ಹತ್ತು ಸಲ, ಇಪ್ಪತ್ತು ಸಲ,
ಕಣ್ಣು ಸೂಜಿಯ ಮೇಲೇ ಇಟ್ಟು.
ಒಮ್ಮೆ ದಾರ ತುಂಡಾಗಿ ತಿರುಗಿದೆ.
ಸೀಮೆಸುಣ್ಣ ಅಕ್ಷರದ ಹತ್ತಿರ ಹೋಗಿ ನಿಂತಿತ್ತು.
ಎಡಗೈ ಅಂಗಿಯೊಳಗೆ,
ಹೊಕ್ಕುಳ ಪಕ್ಕ, ಹದಿನಾಲ್ಕು ಹೊಲಿಗೆ ಬಿದ್ದಲ್ಲಿ.

ಮಷೀನಿನ ಸ್ವಿಚ್ ಆರಿಸಿದೆ.

ಅದುಕ್ಕೆ ಸೂಜಿ ಹಾಕಿದ್ರೇನಮ್ಮಾ ಮೊದ್ಲು?
ಹಾಕಿದ್ರು, ಅಂದೆ.
ನಿದ್ದೆ ಮಾಡ್ತಿತ್ತು. ಏನೂ ಗೊತ್ತಾಗಲಿಲ್ಲ ಅದುಕ್ಕೆ.
ಸುಮಾರು ಹೊತ್ತು ಯೋಚನೆ ಮಾಡಿದ.
ಆಮೇಲೆ ಊಟ ಕೇಳಿದ.

ನಿನ್ನೆ ಗಾದಿಲಿಂಗಪ್ಪನ ಬಂಡಲು ಹೊರಟಿತ್ತು,
ಮೇಲೆ ಊರಿನ ಹೆಸರು ನೀನೇ ಬರಿ ಅಂದೆ: ಧಾರವಾಡ.
ದ ಬರೆದ. ಉಸಿರು ಹಿಡಿದು ಸೀಳಿದ.
ಸೀಳಿನ ಮೇಲೆ ಅಡ್ಡಡ್ಡ
ಮೂರು ಪುಟ್ಟ ಗೀಟು ಎಳೆದ.
ಮುಂದೆ ಒಂದು ದೀರ್ಘ ಮರೆತ.
ನಾನು ಅಳಿಸಲಿಲ್ಲ. ಲಾರಿಯವನು ಎತ್ತಿಕೊಂಡು ಹೋದ.

ಇವತ್ತು ಹನ್ನೊಂದಕ್ಕೆ ಫೋನು:
ಸರಕು ಮುಟ್ಟೈತೆ.
ಎರಡು ಪ್ಯಾಂಟಿಗೆ ಜೇಬೇ ಇಲ್ಲಲ್ಲಮ್ಮಾ,
ಎಲ್ಲಿತ್ತು ನಿನ್ನ ಗಮನ?