ಹನ್ನೊಂದನೇ ಕಂತಿನ ಕೊನೆಯ ಮಾತು

ಗುತ್ತಲು ರಸ್ತೆಯ ಟೀ ಅಂಗಡಿ ಬೆಂಚಿನಲ್ಲಿ
ಭಾನುವಾರ ನಾವು ನಾಲ್ವರು ಕೂತೆವೆಂದರೆ
ಮಾದೇಶ ಹೇಳದೆಯೇ ಐದು ಲೋಟ ತೊಳೆಯುತ್ತಾನೆ.
ಐದನೆಯದು ಶನಿಗ್ರಹದ ಬಳಿ ಒಂಟಿ ಕೂತವನಿಗೆ
ಎನ್ನುವುದು ಮರಿಲಿಂಗನ ಹಳೇ ತಮಾಷೆ.
ಕುಡಿಯುವವನು ಮಾತ್ರ ಅವನೇ.

ಕಥೆ ಇಷ್ಟೇ. ತಗಡಿನ ಠಾಣೆ, ಕಾವಲಿಗೊಬ್ಬ.
ಇಪ್ಪತ್ತು ವರ್ಷ ಅವನ ಪಾಳಿ ಬಿಡಿಸಲು ಯಾರೂ ಬಂದಿಲ್ಲ.
ಹನ್ನೊಂದನೇ ಕಂತಿನಲ್ಲಿ ಬಾಗಿಲು ಬಡಿಯುತ್ತದೆ.
ತೆರೆದರೆ ಬದಲಿ ಆಳು: ಇವನದೇ ಮುಖ,
ಹುಬ್ಬಿನ ಮೇಲೆ ಇವನದೇ ಗಾಯ, ಇನ್ನೂ ಮಾಯದ್ದು.
ಇವನು ಬಗ್ಗಿ ಅವನ ಕಿವಿಯಲ್ಲೊಂದು ಮಾತು ಹೇಳಿ
ಹೊರಗೆ ನಡೆಯುತ್ತಾನೆ. ಹೆಸರುಗಳು ಮೇಲೇರುತ್ತವೆ.

ಆ ಮಾತು ನಮಗೆ ಬಾಯಿಪಾಠ:
‘ಒಲೆ ಮೇಲೆ ಅನ್ನ ಇದೆ, ಬಿಸಿ ಮಾಡ್ಕೊ.’

ನಮಗೆ ಹಿಂದಿ ಎಲ್ಲಿ ಬರಬೇಕು?
ಸಕ್ಕರೆ ಕಾರ್ಖಾನೆ ವಸತಿಯ ವಾಚನಾಲಯ,
ಶಟರಿನ ಕಪ್ಪು-ಬಿಳುಪು ಟೀವಿ, ಮೂವತ್ತು ಜನ, ಕಾಕಂಬಿ ವಾಸನೆ.
ಬಾಯ್ಲರಿನ ಖುದ್ದೂಸ್ ಸಾಹೇಬರು ಸ್ಟೂಲಿನ ಮೇಲೆ ಕೂತು
ಒಂದೊಂದೇ ಮಾತನ್ನು ಕನ್ನಡ ಮಾಡುತ್ತಿದ್ದರು.
ಅವರು ಕೆಮ್ಮಿದರೆ ಬಾಹ್ಯಾಕಾಶವೂ ನಿಲ್ಲುತ್ತಿತ್ತು.
ನಾನು ಚಾಪೆಯ ಮುಂದಿನ ಸಾಲು, ಏಳನೇ ಕ್ಲಾಸು.

ಮೂವತ್ತನಾಲ್ಕು ವರ್ಷ ಆ ಅನ್ನವನ್ನು ಕಲಸಿದ್ದೇವೆ.
ಶನಿಯ ಬಳಿ ಅಕ್ಕಿ ಎಲ್ಲಿಂದ ಬಂತು ಎಂದು ಜಯಶೀಲ.
ದಿನಾ ಇಬ್ಬರಿಗೆ ಬೇಯಿಸಿ ಕಾಯುತ್ತಿದ್ದ ಎಂದು
ಪಂಪ್‌ಹೌಸ್ ತಿಮ್ಮೇಶ.
‘ಬಂದವ್ನು ಹಸ್ದವ್ನೆ ಅಂತ ಇವನ್ಗೆಂಗ್ಲಾ ಗೊತ್ತಾಯ್ತು?’
‘ಇವ್ನೇ ಅವ್ನಲ್ವೇನ್ಲಾ, ಹೊಟ್ಟೆ ಒಂದೇ ಕನ್ಲಾ!’
ಒಮ್ಮೆ ಆ ಬಾಗಿಲಿನ ಬಣ್ಣಕ್ಕೆ ಜಗಳವಾಗಿ
ಮರಿಲಿಂಗ, ಜಯಶೀಲ ಎರಡು ತಿಂಗಳು ಮಾತು ಬಿಟ್ಟಿದ್ದರು.
ಕೆಂಪು ಅಂತ ಅವನು. ನೀಲಿ ಅಂತ ಅವಳು.
ಟೀವಿಗೆ ಬಣ್ಣವೇ ಇರಲಿಲ್ಲವಲ್ಲ ಎಂದ ನಾನು
ಇಬ್ಬರಿಗೂ ವೈರಿಯಾದೆ.

ಹೋದ ವಾರ ಜಯಶೀಲಳ ಸೊಸೆ
ಆ ಕಂತನ್ನು ಎಲ್ಲಿಂದಲೋ ಹೆಕ್ಕಿ ಫೋನಿನಲ್ಲಿ ತಂದಳು.
ಅಂಗೈಯಷ್ಟು ಶನಿ. ಐದು ತಲೆ ಒಂದಕ್ಕೊಂದು ತಾಗಿದವು.
ಬಾಗಿಲು ಬಡಿಯಿತು; ನನ್ನ ಮೈ ಏಳನೇ ಕ್ಲಾಸಾಯಿತು.
ಅವನು ಬಗ್ಗಿದ. ಹೇಳಿದ.
ಹಿಂದಿ ಬಲ್ಲ ಹುಡುಗಿ ಸಲೀಸಾಗಿ ಕನ್ನಡಿಸಿದಳು:
‘ಮೂರನೇ ವಾಲ್ವು ಸೋರುತ್ತೆ, ನೋಡ್ಕೊ.’

ಮತ್ತೊಮ್ಮೆ ಹಾಕಿಸಿದೆವು.
ಮೂರನೇ ವಾಲ್ವು.
ಲೋಟಗಳಲ್ಲಿ ಟೀ ಕೆನೆಗಟ್ಟಿತು. ಐದನೆಯದರಲ್ಲೂ.

ಖುದ್ದೂಸ್ ಸಾಹೇಬರಿಗೀಗ ಎಂಬತ್ತೊಂದು.
ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೇಳಿದರು, ಕೇಳಿ ನಕ್ಕರು.
‘ಸರಿಯಾಗಿ ಆ ಹೊತ್ತಿಗೇ ಹತ್ತರ ಸೈರನ್ ಕೂಗ್ತು.
ನನಗೂ ಏನೂ ಕೇಳಿಸಲಿಲ್ಲ. ಮೂವತ್ತು ಜನ ಪರದೆ ಬಿಟ್ಟು
ನನ್ನ ಬಾಯಿ ನೋಡ್ತಿದ್ರಿ, ಏನ್ ಮಾಡ್ಲಿ?
ಎರಡನೇ ಪಾಳಿ ಮುಗಿಸಿ ಮನೆಗೆ ಹೋದರೆ
ಜುಬೇದಾ ಕಣ್ಣು ಬಿಡದೆ ಹೇಳ್ತಿದ್ದ ಮಾತು ಅದು.
ಆ ಸೈರನ್ ಆದಮೇಲೆ ನನಗೆ ಗೊತ್ತಿದ್ದದ್ದು ಅದೊಂದೇ.’
ಒಳಗಿನಿಂದ ಜುಬೇದಾಬಿ:
‘ಈಗಲೂ ಹೇಳ್ತೀನಿ. ಇವರಿಗೆ ಕೇಳಿಸಬೇಕಲ್ಲ!’

ವಾಪಸು ಬರುವಾಗ ಸ್ವಲ್ಪ ದೂರ ಯಾರೂ ಮಾತಾಡಲಿಲ್ಲ.
ಆಮೇಲೆ ತಿಮ್ಮೇಶ, ಇಪ್ಪತ್ತೆಂಟು ವರ್ಷ ವಾಲ್ವು ತಿರುಗಿಸಿದವನು:
‘ಸೋರೋದನ್ನ ಹೇಳಿ ಹೋಗೋನೂ ಒಳ್ಳೆಯೋನೇ ಕನಾ.
ನನಗ್ಯಾರೂ ಹೇಳಿರ್ಲಿಲ್ಲ.’
ಜಯಶೀಲ ಒಪ್ಪಲಿಲ್ಲ. ಫೋನಿನ ಪ್ರಿಂಟೇ ಸರಿಯಿಲ್ಲ,
ಅನ್ನದ ಮಾತನ್ನು ಯಾರೋ ಕತ್ತರಿಸಿದ್ದಾರೆ.
ನಾನು ಕೇಳಬಾರದಿತ್ತು, ಕೇಳಿದೆ:
ಬಾಗಿಲು ನೋಡಿದಿರಾ? ಹಸಿರು.

ಮರಿಲಿಂಗ ನಿಂತ. ಬೀಡಿ ಹಚ್ಚಿದ.
‘ಇರ್ಲಿ. ನಮ್ ಟೀವೀಲಿ ಕೆಂಪಗಿತ್ತು.’

‘ನೀಲಿ’ ಅಂದಳು ಜಯಶೀಲ.